ಕೆಳಮಹಡಿಯ ತೂಕ, ಮೇಲ್ಮಹಡಿಯ ರಕ್ತ

ನನ್ನ ಅಕ್ಕನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಗ್ರಾಂ ಅಕ್ಕ ಎನ್ನುತ್ತಿದ್ದರು. ಆ ಹೆಸರು ಇಟ್ಟವನು ನಾನೇ. ಒಡಹುಟ್ಟಿದವನಿಗೆ ಅಷ್ಟು ಹಕ್ಕಿದೆ ಎಂದುಕೊಂಡಿದ್ದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಕ್ವಿಂಟಾಲ್ ಅಕ್ಕ ಅನ್ನಲಿಲ್ವಲ್ಲ, ಅಷ್ಟೇ ಪುಣ್ಯ" ಅಂದಳು.

ನಮ್ಮದು ಆಸ್ಪತ್ರೆಯ ಹಿಂಭಾಗದಲ್ಲಿದ್ದ ಮೂರು ಮಹಡಿಯ ಹಳೆಯ ಕಟ್ಟಡ. ತಿನ್ನುವ ಅನ್ನಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ಅಲ್ಲಿ ಸಂಶೋಧನೆ ನಡೆಯುತ್ತಿತ್ತು. ದಪ್ಪಗಿರುವ, ಹೃದಯದ ಬಗ್ಗೆ ಹೆದರಿಕೆಯಿರುವ ಜನ ಒಪ್ಪಿ ಸಹಿ ಹಾಕಿ ಸೇರುತ್ತಿದ್ದರು. ಸೇರಿದವರಿಗೆ ಒಂದು ವರ್ಷ ಊಟವೆಲ್ಲ ನಮ್ಮದೇ. ಅರ್ಧ ಜನಕ್ಕೆ ನೀಲಿ ಚೀಟಿಯ ತಟ್ಟೆ, ಅದರಲ್ಲಿ ಅನ್ನ, ಬ್ರೆಡ್ಡು, ಆಲೂಗೆಡ್ಡೆ, ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಬದಲಿಗೆ ಮೊಟ್ಟೆ, ಮಾಂಸ, ಮೀನು, ಬೆಣ್ಣೆ, ಸೊಪ್ಪು. ಇನ್ನರ್ಧ ಜನಕ್ಕೆ ಹಳದಿ ಚೀಟಿಯ ತಟ್ಟೆ, ಅದರಲ್ಲಿ ಅನ್ನ, ಬ್ರೆಡ್ಡು, ಕಾಳು, ಹಣ್ಣು ಎಲ್ಲ ಇದ್ದು ಬೆಣ್ಣೆ ಎಣ್ಣೆ ಮಾತ್ರ ಹೆಸರಿಗಷ್ಟೇ. ಯಾರಿಗೆ ಯಾವ ಬಣ್ಣ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹೇಳುತ್ತಿತ್ತು. ಸೇರಿದವರಿಗೆ ಹೆಸರಿರಲಿಲ್ಲ, ನಂಬರು ಮಾತ್ರ.

ಅಕ್ಕ ಕೆಳಮಹಡಿಯ ಅಡುಗೆಮನೆಯಲ್ಲಿ ತಟ್ಟೆ ತೂಗುವವಳು. ತಕ್ಕಡಿಯ ಮೇಲೆ ಖಾಲಿ ಬಟ್ಟಲು ಇಡಬೇಕು, ಗುಂಡಿ ಒತ್ತಿ ಸೊನ್ನೆಗೆ ತರಬೇಕು, ಆಮೇಲೆ ಬೇಯಿಸಿದ ಕೋಳಿಯ ತುಂಡು ಇಡಬೇಕು. ನೂರಿಪ್ಪತ್ತು ಗ್ರಾಂ ಎಂದರೆ ನೂರಿಪ್ಪತ್ತೇ. ಒಂದು ಗ್ರಾಂ ಹೆಚ್ಚಾದರೆ ಚಾಕುವಿನ ತುದಿಯಿಂದ ಎಳೆ ಬಿಡಿಸಿ ತೆಗೆಯುತ್ತಿದ್ದಳು. ಜನ ಅಲ್ಲೇ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರು, ತಿಂದ ಮೇಲೆ ತಟ್ಟೆ ಮತ್ತೆ ತಕ್ಕಡಿ ಏರುತ್ತಿತ್ತು. ಬಿಟ್ಟದ್ದೆಷ್ಟು ಎಂದು ಗೊತ್ತಾಗದೆ ತಿಂದದ್ದೆಷ್ಟು ಎಂದು ಹೇಳಲು ಬರುವುದಿಲ್ಲ. ಬಟ್ಟಲಿಗೆ ಅಂಟಿದ ಬೆಣ್ಣೆಯನ್ನೂ ಬಳಿದು ತಿನ್ನಲೆಂದು ಪ್ರತಿ ತಟ್ಟೆಯ ಜೊತೆ ಒಂದು ರಬ್ಬರ್ ಚಮಚ ಕೊಡುತ್ತಿದ್ದರು. ಯಾರಾದರೂ ಮೂಳೆಯನ್ನು ಕಸದ ಬುಟ್ಟಿಗೆ ಹಾಕಿಬಿಟ್ಟರೆ ಅಕ್ಕ ಕೈಗವಸು ಹಾಕಿಕೊಂಡು ಬುಟ್ಟಿಯೊಳಗೆ ಕೈ ಬಿಡುತ್ತಿದ್ದಳು.

ನಾನು ಮೂರನೇ ಮಹಡಿಯ ರಕ್ತದ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರ ರಕ್ತ ಸಣ್ಣ ಕೊಳವೆಗಳಲ್ಲಿ ಬರುತ್ತಿತ್ತು. ಅದನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟು, ಒಳ್ಳೆ ಕೊಬ್ಬೆಷ್ಟು, ಹೃದಯದ ರಕ್ತನಾಳ ಕಟ್ಟಿಸುವ ಕೆಟ್ಟ ಕೊಬ್ಬೆಷ್ಟು ಎಂದು ಬರೆದಿಡುವುದು ನನ್ನ ಕೆಲಸ. ಕೊಳವೆಯ ಮೇಲೂ ನಂಬರು ಮಾತ್ರ. ಯಾವ ನಂಬರಿಗೆ ಯಾವ ಬಣ್ಣದ ತಟ್ಟೆ ಎಂದು ನಮಗೆ ತಿಳಿಯಬಾರದು. ಯಾರ ರಕ್ತ ಹೇಗಿದೆ ಎಂದು ಅಡುಗೆಮನೆಯವರಿಗೆ ತಿಳಿಯಬಾರದು. ತಿಳಿದರೆ ಅಳೆಯುವ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ ಎಂದು ದೊಡ್ಡ ಡಾಕ್ಟರು ಮೊದಲ ದಿನವೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಕೆಳಗಿನವರಿಗೆ ತೂಕ, ಮೇಲಿನವರಿಗೆ ರಕ್ತ. ನನಗೆ ಆ ನಿಯಮ ತುಂಬಾ ಹಿಡಿಸಿತ್ತು, ಏಕೆಂದರೆ ಅದರಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ನನ್ನನ್ನು ಸಾಕಿದವಳು ಅವಳೇ. ಮದುವೆಯಾಗುವಾಗ ನನ್ನನ್ನೂ ಕರೆದುಕೊಂಡು ಬರುತ್ತೇನೆ ಎಂದು ಭಾವನಿಗೆ ಮೊದಲೇ ಹೇಳಿದ್ದಳಂತೆ. "ಒಂದಕ್ಕೆ ಒಂದು ಫ್ರೀ ಅಂತ ಒಪ್ಕೊಂಡೆ" ಎಂದು ಭಾವ ಕೊನೆಯವರೆಗೂ ಹೇಳಿ ನಗುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ನಾನು ಮುಂದೆ ಬೇರೆ ಮನೆ ಮಾಡಿದರೂ ಭಾನುವಾರದ ಊಟ ಅಲ್ಲೇ ಆಗುತ್ತಿತ್ತು.

ಭಾವ ಇಪ್ಪತ್ತಾರು ವರ್ಷದಿಂದ ಸಿಟಿ ಬಸ್ ಓಡಿಸುತ್ತಿದ್ದರು. ಆಳು ಗಟ್ಟಿ, ಬಾಯಿ ಇನ್ನೂ ಗಟ್ಟಿ. ಬೆಳಿಗ್ಗೆ ಚಹಾದ ಜೊತೆ ಅರ್ಧ ಪೌಂಡ್ ಬ್ರೆಡ್ಡು ಆಗಬೇಕಿತ್ತು. "ನಾನು ಸ್ಟೇರಿಂಗ್ ಹಿಡಿಯೋದೇ ಬೇಡ ಕಣಯ್ಯ, ಹೊಟ್ಟೆನೇ ತಿರುಗಿಸುತ್ತೆ" ಅನ್ನುತ್ತಿದ್ದರು. ಅಕ್ಕ ಹೇಳಿದ ಮಾತನ್ನು ಒಂದೂ ಕೇಳಿದವರಲ್ಲ. ಮಫ್ಲರ್ ಹಾಕಿಕೊಳ್ಳಿ ಎಂದರೆ ಕಿಟಕಿ ತೆಗೆಯುವ ಜಾತಿ.

ಅವರ ಅಪ್ಪ ಐವತ್ತೆರಡಕ್ಕೆ ಹೋದವರು. ಶೂ ಹಾಕಿಕೊಳ್ಳಲು ಬಗ್ಗಿದವರು ಏಳಲೇ ಇಲ್ಲ, ಹೃದಯ ನಿಂತಿತ್ತು. ಭಾವನಿಗೆ ಐವತ್ತು ತುಂಬಿದ ವರ್ಷ ಡಿಪೋದ ವೈದ್ಯಕೀಯ ತಪಾಸಣೆಯಲ್ಲಿ ಡಾಕ್ಟರು ತೂಕ ನೋಡಿ ಮುಖ ಸಿಂಡರಿಸಿದರು. ತೂಕ ಇಳಿಸದಿದ್ದರೆ ಬಸ್ಸಿನಿಂದ ಇಳಿಸಿ ಗೇಟಿನ ಕೆಲಸಕ್ಕೆ ಹಾಕುತ್ತೇವೆ ಎಂದರು. ಕೆಟ್ಟ ಕೊಬ್ಬು ಅಂಚಿನಲ್ಲಿದೆ, ಅಪ್ಪನ ಕಥೆಯೂ ಹೀಗಿದೆ, ಆರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ತೋರಿಸಬೇಕು ಎಂದು ಒಂದು ಚೀಟಿಯನ್ನೂ ಕೊಟ್ಟರು. ಭಾವ ಮನೆಗೆ ಬಂದು ಎರಡು ದಿನ ತಮಾಷೆ ಮಾಡಲಿಲ್ಲ. ಅಕ್ಕನಿಗೆ ಅದೇ ಎಲ್ಲಕ್ಕಿಂತ ಹೆದರಿಕೆಯಾದದ್ದು.

ಅವಳು ಅಳೆದೂ ಸುರಿದೂ ನಿರ್ಧಾರ ಮಾಡುವವಳು. ಆದರೆ ಈ ವಿಷಯದಲ್ಲಿ ಅಳೆಯುವುದೆಲ್ಲ ಮುಗಿದಿದೆ ಎಂದುಕೊಂಡಳು. ಸೋಮವಾರ ಸೋಮವಾರ ಊಟಕ್ಕೆ ಮುಂಚೆ ಜನರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವವಳೂ ಅವಳೇ. ನೀಲಿ ತಟ್ಟೆಯವರು ಅವಳ ಕಣ್ಣೆದುರೇ ಕರಗುತ್ತಿದ್ದರು. ಬಾಗಿಲಿನ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವರು ಈಗ ಹತ್ತಿ ಬಂದು ಹರಟೆ ಹೊಡೆಯುತ್ತಿದ್ದರು. ಹಳದಿಯವರೂ ಇಳಿಯುತ್ತಿದ್ದರು, ಆದರೆ ಮೆಲ್ಲಗೆ. ಭಾವನ ಹತ್ತಿರ ಮೆಲ್ಲಗೆ ಎನ್ನುವುದಕ್ಕೆ ಸಮಯವಿಲ್ಲ ಎಂದು ಅವಳ ಲೆಕ್ಕ. ಹೀಗೆ ಸಂಶೋಧನೆ ಮುಗಿಯುವ ಮೊದಲೇ ನೀಲಿ ತಟ್ಟೆ ಅಕ್ಕನ ಮನೆಗೆ ಬಂತು.

ಅಕ್ಕ ಒಂದು ಸಣ್ಣ ತಕ್ಕಡಿ, ಒಂದು ರಬ್ಬರ್ ಚಮಚ, ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಳು. ಮನೆಯಲ್ಲಿದ್ದ ಬ್ರೆಡ್ಡು, ಅಕ್ಕಿ, ಸಕ್ಕರೆ ಪಕ್ಕದ ಮನೆ ಸೇರಿದವು. ಬೆಳಿಗ್ಗೆ ಮೊಟ್ಟೆ ಮತ್ತು ಬೆಣ್ಣೆ, ಮಧ್ಯಾಹ್ನಕ್ಕೆ ಡಿಪೋಗೆ ಡಬ್ಬಿ, ರಾತ್ರಿ ಮೀನೋ ಮಾಂಸವೋ ಸೊಪ್ಪಿನ ಜೊತೆ. ಕೊಡುವ ಮೊದಲು ತೂಕ, ಡಬ್ಬಿ ಬಂದ ಮೇಲೆ ತೂಕ.

"ಹೊಟ್ಟೆಗೆ ಹಿಟ್ಟಿಲ್ಲ ಅನ್ನೋದು ಬರೀ ಗಾದೆ ಅಂದ್ಕೊಂಡಿದ್ದೆ ಕಣಯ್ಯ. ನಮ್ಮನೇಲಿ ಅದು ಅಡುಗೆ" ಎಂದರು ಭಾವ, ಮೊದಲ ಭಾನುವಾರ.

"ಮಾತು ಕಮ್ಮಿ ಮಾಡಿ ತಿನ್ರೀ" ಅಂದಳು ಅಕ್ಕ.

"ಮಾತಿಗೂ ತೂಕ ಇದೆಯೇನೇ?"

"ನಿಮ್ಮ ಮಾತಿಗೆ ಎಲ್ಲಿ ತೂಕ."

ಮೊದಲ ಮೂರು ವಾರ ಕಷ್ಟಪಟ್ಟರು. ತಲೆನೋವು, ಸಿಡುಕು. ಅವರ ಬಸ್ಸು ಹೋಗುವ ದಾರಿಯಲ್ಲಿ ಒಂದು ಬೇಕರಿ ಇತ್ತು. ಇಳಿಯುವವರು ಹತ್ತುವವರು ಯಾರೂ ಇಲ್ಲದಿದ್ದರೂ ಆ ಸ್ಟಾಪಿನಲ್ಲಿ ಬಸ್ಸು ಒಂದು ನಿಮಿಷ ನಿಲ್ಲುತ್ತದೆ ಎಂದು ಕಂಡಕ್ಟರ್ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಆದರೂ ಭಾವ ಇಳಿದು ಹೋಗಿ ತಿನ್ನಲಿಲ್ಲ. ಡಬ್ಬಿಯನ್ನು ರಬ್ಬರ್ ಚಮಚದಿಂದ ಕೆರೆದು ಕೆರೆದು ತಿಂದು ತರುತ್ತಿದ್ದರು. ಅಕ್ಕ ತಕ್ಕಡಿಯ ಮೇಲಿಟ್ಟು "ಸೊನ್ನೆ" ಎಂದಾಗ ಪರೀಕ್ಷೆಯಲ್ಲಿ ಪಾಸಾದ ಹುಡುಗನ ಮುಖ ಮಾಡುತ್ತಿದ್ದರು.

ತೂಕ ಇಳಿಯಿತು. ಆರು ತಿಂಗಳಿಗೆ ಹತ್ತು ಕಿಲೋ. ಬೆಲ್ಟಿಗೆ ಮೊಳೆ ಕಾಯಿಸಿ ಎರಡು ತೂತು ಹೊಸದಾಗಿ ಹಾಕಿದರು. ಡಿಪೋದ ಡಾಕ್ಟರು ತೂಕ ನೋಡಿ, ಬಿಪಿ ನೋಡಿ, ಸಕ್ಕರೆ ನೋಡಿ ಬೆನ್ನು ತಟ್ಟಿದರಂತೆ. ರಕ್ತದ ಕೊಬ್ಬಿನ ಪರೀಕ್ಷೆ ಹೊರಗಡೆ ಮಾಡಿಸಬೇಕಿತ್ತು. ಆ ಚೀಟಿ ಫ್ರಿಡ್ಜಿನ ಬಾಗಿಲಿಗೆ ಅಂಟಿಕೊಂಡು ಉಳಿಯಿತು. ಇವತ್ತು ನಾಳೆ ಎಂದುಕೊಂಡು ಅಕ್ಕನೂ ಬಿಟ್ಟಳು. ತೂಕ ಇಳಿದಿದೆ ಎಂದರೆ ಎಲ್ಲವೂ ಇಳಿದಿದೆ ಎಂದು ಅವಳು ನಂಬಿದ್ದಳು. ಇಡೀ ದಿನ ತಕ್ಕಡಿಯ ಮುಂದೆ ನಿಲ್ಲುವವರು ಮಾತ್ರ ಮಾಡಬಹುದಾದ ತಪ್ಪು ಅದು.

ಈಗ ನಾನು ಆ ಭಾನುವಾರದ ವಿಷಯ ಬರೆಯಲೇಬೇಕು. ಏಳನೇ ತಿಂಗಳು. ಅಕ್ಕ ಬೆಣ್ಣೆಯಲ್ಲಿ ಮೀನು ಹುರಿದಿದ್ದಳು. ಭಾವ ಹೊಸ ಪ್ಯಾಂಟು ಹಾಕಿಕೊಂಡು ನಡುಮನೆಯಲ್ಲಿ ಒಂದು ಸುತ್ತು ತಿರುಗಿ ತೋರಿಸಿದರು. ಅಕ್ಕನಿಗೆ ತನ್ನ ನೀಲಿ ತಟ್ಟೆಯವರ ಮೇಲೆ ಮಕ್ಕಳ ಮೇಲಿದ್ದಷ್ಟು ಅಭಿಮಾನ. ಹೆಸರು ಹೇಳಬಾರದೆಂದು ಗೊತ್ತಿತ್ತು, ನಂಬರು ಹೇಳಿದರೆ ತಪ್ಪೇನು ಎಂದುಕೊಂಡಿದ್ದಳು.

"ನಮ್ಮ ನಲವತ್ತೊಂದು ಇದಾರಲ್ಲ, ಹನ್ನೊಂದು ಕಿಲೋ ಇಳಿದ್ರು. ನೀಲಿಯಲ್ಲಿ ಅವರೇ ಫಸ್ಟು. ಇವರಿಗೂ ಅವರಿಗೂ ಒಂದೇ ವಯಸ್ಸು, ಒಂದೇ ಮೈಕಟ್ಟು" ಅಂದಳು.

ನಲವತ್ತೊಂದು ನನಗೆ ಗೊತ್ತಿತ್ತು. ಅದೇ ವಾರ ಆ ಕೊಳವೆಯನ್ನು ಮೂರು ಸಲ ಯಂತ್ರಕ್ಕೆ ಹಾಕಿದ್ದೆ, ಯಂತ್ರ ಕೆಟ್ಟಿದೆಯೇನೋ ಎಂದು. ಶುರುವಿನಲ್ಲಿ ನೂರಾ ಹದಿನೆಂಟು ಇದ್ದ ಕೆಟ್ಟ ಕೊಬ್ಬು ಇನ್ನೂರಾ ಹನ್ನೆರಡಕ್ಕೆ ಏರಿತ್ತು. ಅಷ್ಟು ಏರಿದರೆ ವರದಿಯನ್ನು ಲಕೋಟೆಯಲ್ಲಿ ಹಾಕಿ ದೊಡ್ಡ ಡಾಕ್ಟರಿಗೆ ಕೊಡಬೇಕೆಂದು ನಿಯಮ, ಕೊಟ್ಟಿದ್ದೆ. ಅವರು ಆ ಮನುಷ್ಯನನ್ನು ಕರೆಸಿ ಮಾತ್ರೆ ಶುರುಮಾಡಿದ್ದರು. ಎಲ್ಲರಿಗೂ ಹೀಗಾಗುತ್ತಿರಲಿಲ್ಲ. ಎಷ್ಟೋ ಕೊಳವೆಗಳಲ್ಲಿ ಲೆಕ್ಕ ಅಲ್ಲಾಡಿರಲಿಲ್ಲ, ಕೆಲವರದು ಸುಧಾರಿಸಿತ್ತು. ಆದರೆ ಏರಿದವರೂ ಇದ್ದರು, ನಾಲ್ಕೋ ಐದೋ. ಅವರಲ್ಲಿ ಒಬ್ಬ ನೀಲಿ ತಟ್ಟೆಯವನು ಎಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಆ ಇಡೀ ಕಟ್ಟಡದಲ್ಲಿ ಯಾರಿಗೂ ಒಟ್ಟಿಗೆ ತಿಳಿಯಬಾರದಿದ್ದ ಎರಡು ವಿಷಯ ಅಕ್ಕನ ಊಟದ ಮೇಜಿನ ಮೇಲೆ ಒಟ್ಟಿಗೆ ಕೂತಿದ್ದವು.

ನಾನು ಹೇಳಿದ್ದು ಇಷ್ಟು: "ಭಾವ, ಆ ರಕ್ತ ಪರೀಕ್ಷೆ ಒಂದು ಮಾಡಿಸಿಬಿಡಿ."

"ಮನೇಲಿ ತಕ್ಕಡಿ ಇಟ್ಕೊಂಡು ಸೂಜಿ ಯಾಕಯ್ಯ ಚುಚ್ಚಿಸ್ಕೊಳ್ಳಲಿ? ನಿನಗೆ ಬರೀ ರಕ್ತದ ಮೇಲೇ ಕಣ್ಣು, ಸೊಳ್ಳೆ ನೀನು" ಎಂದರು ಭಾವ.

ಅಕ್ಕ ನಕ್ಕಳು. ನಾನೂ ನಕ್ಕೆ. ಮೀನಿನ ಇನ್ನೊಂದು ತುಂಡು ಹಾಕಿಸಿಕೊಂಡೆ.

ನಿಯಮ ಇತ್ತು, ನಿಜ. ಸಹಿ ಹಾಕಿದ್ದೆ, ಅದೂ ನಿಜ. ಒಬ್ಬನ ರಕ್ತದಿಂದ ಏನನ್ನೂ ಹೇಳಲಾಗದು ಎಂದು ನನಗೆ ಪಾಠವಾಗಿತ್ತು. ಆದರೆ ನಂಬರು ಹೇಳದೆ, ಬಣ್ಣ ಹೇಳದೆ, ಭಾವನನ್ನು ಮರುದಿನ ಕೈ ಹಿಡಿದು ಯಾವುದಾದರೂ ಲ್ಯಾಬಿಗೆ ಕರೆದುಕೊಂಡು ಹೋಗಬಹುದಿತ್ತು. ಅದಕ್ಕೆ ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಮಾಡಿದವನು ನನ್ನಂಥ ಹೇಡಿಯೇ ಇರಬೇಕು. ಅವರಿಬ್ಬರೂ ಸಂತೋಷವಾಗಿದ್ದರು, ನಾನು ಕೆಡಿಸಲಿಲ್ಲ. ನಲವತ್ತೊಂದರ ರಕ್ತ ನೋಡಲು ಒಂದು ಕಟ್ಟಡವೇ ಇತ್ತು. ಭಾವನಿಗೆ ಇದ್ದವನು ನಾನೊಬ್ಬ.

ಹದಿನಾಲ್ಕನೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಭಾವ ಎಂದಿನಂತೆ ಬಸ್ಸಿನ ಸುತ್ತ ನಡೆದು ಟೈರುಗಳನ್ನು ಕಾಲಿನಿಂದ ಒದ್ದು ನೋಡಿದರು. ನಾಲ್ಕನೇ ಟೈರಿನ ಹತ್ತಿರ ನಿಂತು, "ಒಂಚೂರು ಕೂತ್ಕೋತೀನಿ ಕಣೋ" ಎಂದು ಕಂಡಕ್ಟರಿಗೆ ಹೇಳಿ ಫುಟ್‌ಬೋರ್ಡಿನ ಮೇಲೆ ಕೂತರು. ಅವನು ಟಿಕೆಟ್ ಮಿಷನ್ ತರಲು ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ಐವತ್ತೊಂದು ವರ್ಷ ಐದು ತಿಂಗಳು. ಅಪ್ಪನಷ್ಟೂ ಬಾಳಲಿಲ್ಲ.

ಸಂಜೆ ಎಲ್ಲ ಮುಗಿಸಿ ಮನೆಗೆ ಬಂದಾಗ ಕಂಡಕ್ಟರ್ ಭಾವನ ಡಬ್ಬಿಯನ್ನು ತಂದುಕೊಟ್ಟ. ಬೆಳಿಗ್ಗೆ ಕಟ್ಟಿಕೊಟ್ಟದ್ದು ಹಾಗೇ ಇತ್ತು. ಅಕ್ಕ ಅದನ್ನು ಅಡುಗೆಮನೆಗೆ ಒಯ್ದು ತಕ್ಕಡಿಯ ಮೇಲಿಟ್ಟಳು. ಬೇಡ ಅಕ್ಕ ಎಂದೆ, ಕೇಳಲಿಲ್ಲ. ನೋಟ್‌ಬುಕ್ ತೆಗೆದು ಆ ದಿನದ ಸಾಲಿನಲ್ಲಿ ಬಿಟ್ಟದ್ದು ನಾನೂರಾ ಐವತ್ತಾರು ಗ್ರಾಂ ಎಂದು ಬರೆದಳು. ಹದಿನಾಲ್ಕು ತಿಂಗಳಲ್ಲಿ ಡಬ್ಬಿ ಪೂರ್ತಿ ವಾಪಸ್ ಬಂದದ್ದು ಅದೊಂದೇ ಸಲ. ಬರೆದ ಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಅಮ್ಮ ಹೋದಾಗಲೂ ನೋಡಿರಲಿಲ್ಲ.

ಆಗಿನ್ನೂ ಅವಳ ದುಃಖ ದುಃಖ ಮಾತ್ರವಾಗಿತ್ತು. "ಅಪ್ಪನ ಎದೆ ಇವರಿಗೂ ಬಂತು, ನಾನು ಮಾಡೋದೆಲ್ಲ ಮಾಡಿದೆ" ಅನ್ನುತ್ತಿದ್ದಳು. ಹದಿನೈದು ದಿನಕ್ಕೆ ಕೆಲಸಕ್ಕೆ ಬಂದಳು. ತಟ್ಟೆ ತೂಗಿದಳು, ಬುಟ್ಟಿಯಿಂದ ಮೂಳೆ ತೆಗೆದಳು. ಎಂಟು ತಿಂಗಳು ಹೀಗೇ ಕಳೆಯಿತು. ಕಾಲವೇ ಮದ್ದು ಎಂದು ನಾನು ನನಗೆ ಹೇಳಿಕೊಂಡು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಅಷ್ಟರಲ್ಲಿ ಸಂಶೋಧನೆ ಮುಗಿಯಿತು. ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯ. ಅಡುಗೆಮನೆಯವರು, ಕಸ ಗುಡಿಸುವವರು, ಎಲ್ಲರನ್ನೂ ಎರಡನೇ ಮಹಡಿಯ ಸಭಾಂಗಣಕ್ಕೆ ಕರೆಸಿ, ನಿಮ್ಮೆಲ್ಲರ ದುಡಿಮೆಯಿಂದ ಗೊತ್ತಾದದ್ದು ಇದು ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಎರಡು ಗುಂಪಿನವರೂ ತೂಕ ಇಳಿದಿದ್ದರು. ನೀಲಿಯವರು ಮೊದಲು ಬೇಗ ಇಳಿದರು, ವರ್ಷದ ಕೊನೆಗೆ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ. ರಕ್ತದ ಸಕ್ಕರೆ ನೀಲಿಯವರಲ್ಲಿ ಚೆನ್ನಾಗಿ ಇಳಿದಿತ್ತು. ಕೆಟ್ಟ ಕೊಬ್ಬಿನ ಚಿತ್ರ ಬಂದಾಗ, ಸರಾಸರಿ ನೋಡಿದರೆ ಅಂಥ ಭಾರಿ ವ್ಯತ್ಯಾಸವೇನಿಲ್ಲ ಎಂದರು. "ಆದರೆ ನೀಲಿ ಗುಂಪಿನಲ್ಲಿ ಕೆಲವರಿಗೆ ಮಾತ್ರ ತುಂಬಾ ಏರಿತು. ಯಾಕೆ ಅವರಿಗೇ ಅಂತ ಇನ್ನೂ ಗೊತ್ತಿಲ್ಲ. ಅದಕ್ಕೇ ಇಂಥ ಊಟ ಮಾಡೋರು ಆಗಾಗ ರಕ್ತ ನೋಡಿಸ್ಕೋಬೇಕು."

ಚಿತ್ರದ ಮೇಲ್ಭಾಗದಲ್ಲಿ ನಾಲ್ಕು ನೀಲಿ ಚುಕ್ಕೆಗಳು ಬೇರೆಯಾಗಿ ನಿಂತಿದ್ದವು. ನಾನು ಅಕ್ಕನ ಕಡೆ ನೋಡಿದೆ. ಅವಳು ಚುಕ್ಕೆಗಳನ್ನು ನೋಡುತ್ತಿದ್ದಳು. ಚಿತ್ರ ಬದಲಾದ ಮೇಲೂ ಅಲ್ಲೇ ನೋಡುತ್ತಿದ್ದಳು.

ಮರುದಿನ ಅವಳು ಮನೆಯ ನೋಟ್‌ಬುಕ್ಕನ್ನು ಚೀಲದಲ್ಲಿ ಹಾಕಿಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಸಂಶೋಧನೆ ಮುಗಿಯುವ ಮೊದಲೇ ಊಟವನ್ನು ಮನೆಗೆ ಒಯ್ದದ್ದು ತಪ್ಪು ಎಂದಳು. ಕೊನೆಗೆ ಕೇಳಿದಳು: "ಸಾರ್, ಇದರಲ್ಲಿ ಒಂದು ಗ್ರಾಂ ಕೂಡ ಸುಳ್ಳಿಲ್ಲ. ನೋಡಿ ಹೇಳಿ. ನಾನೇ ಕೊಂದೆನಾ?"

ಡಾಕ್ಟರು ಪುಟಗಳನ್ನು ನಿಧಾನವಾಗಿ ತಿರುವಿದರು. ಕನ್ನಡಕ ತೆಗೆದಿಟ್ಟರು.

"ಅಮ್ಮ, ಇಷ್ಟು ಚೊಕ್ಕವಾದ ಲೆಕ್ಕ ನಮ್ಮ ಹತ್ರಾನೂ ಇಲ್ಲ. ಆದ್ರೆ ರಕ್ತ ನೋಡಿಲ್ಲವಲ್ಲ. ಅವರಿಗೆ ಏರಿತ್ತೋ ಇಲ್ವೋ ಗೊತ್ತಿಲ್ಲ. ಏರಿದ್ರೂ ಒಂದು ವರ್ಷದಲ್ಲಿ ಅದರಿಂದಲೇ ಹೀಗಾಯ್ತು ಅನ್ನಕ್ಕಾಗಲ್ಲ. ಅವರ ತಂದೆಯವರಿಗೂ ಹೀಗೇ ಆಗಿತ್ತು. ತೂಕ ಇಳಿಯದೇ ಇದ್ರೆ ಇನ್ನೂ ಮುಂಚೆ ಆಗ್ತಿತ್ತೋ ಏನೋ. ಒಬ್ಬ ಮನುಷ್ಯನಿಂದ ಏನೂ ಹೇಳಕ್ಕೆ ಬರಲ್ಲ."

"ಹಂಗಾದ್ರೆ ನಾನಲ್ಲ ಅಂತಾದ್ರೂ ಹೇಳಿ."

"ಅದೂ ಹೇಳಕ್ಕಾಗಲ್ಲಮ್ಮ."

ಅವರು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ, ಇದ್ದದ್ದನ್ನೇ ಹೇಳಿದರು. ಆದರೆ ಅಕ್ಕನಿಗೆ ಅದು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಯಿತು. ಹೌದು ಎಂದಿದ್ದರೆ ಅತ್ತು ಮುಗಿಸುತ್ತಿದ್ದಳು. ಅಲ್ಲ ಎಂದಿದ್ದರೆ ನಿಟ್ಟುಸಿರು ಬಿಡುತ್ತಿದ್ದಳು. ಅಂದಿನಿಂದ ಅವಳು ಸಂಜೆ ಮನೆಗೆ ಬಂದು ನೋಟ್‌ಬುಕ್ ಬಿಚ್ಚಿ ಕೂರುವುದು ಶುರುವಾಯಿತು. ಒಂದೊಂದೇ ದಿನದ ಬೆಣ್ಣೆಯನ್ನು ಕೂಡಿಸುತ್ತಿದ್ದಳು. ಒಂದು ಭಾನುವಾರ ನಾನು ಹೋದಾಗ, "ಒಟ್ಟು ಹದಿನೇಳು ಕಿಲೋ ಬೆಣ್ಣೆ ತಿನ್ನಿಸಿದೀನಿ ಕಣೋ" ಎಂದಳು. ಅವಳ ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ಒಲೆ ಹಚ್ಚಿದ ಗುರುತೇ ಇರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನನ್ನ ಅಕ್ಕನಷ್ಟು ಊಟ ಬಲ್ಲವರು ಯಾರಿದ್ದರು? ಅವಳೇ ಊಟ ಬಿಟ್ಟು ಕೂತಿದ್ದಳು.

ನನಗೆ ತಡೆಯಲಾಗಲಿಲ್ಲ. ಅವಳಿಗಾಗಿ ತಡೆಯಲಾಗಲಿಲ್ಲವೋ ನನಗಾಗಿಯೋ ಎಂದು ಕೇಳಿದರೆ ಈಗಲೂ ತಡವರಿಸುತ್ತೇನೆ. ಡಿಪೋಗೆ ಹೋಗಿ ಕಂಡಕ್ಟರನನ್ನು ಹುಡುಕಿದೆ. ಭಾವ ಆ ಊಟವನ್ನೇ ಮಾಡುತ್ತಿರಲಿಲ್ಲ ಎಂದು ಅಕ್ಕನಿಗೆ ಹೇಳಬೇಕು ಎಂದು ಕೇಳಿಕೊಂಡೆ. ಡಬ್ಬಿ ನಾಯಿಗೆ ಹಾಕಿ, ಕ್ಯಾಂಟೀನಿನಲ್ಲಿ ಬನ್ನು ತಿನ್ನುತ್ತಿದ್ದರು ಎಂದರೆ ಸಾಕು, ಅವಳ ಮೈಮೇಲಿನ ಭಾರ ಇಳಿಯುತ್ತದೆ.

ಅವನು ತುಂಬಾ ಹೊತ್ತು ಟಿಕೆಟ್ ಮಿಷನ್ ಒರೆಸುತ್ತ ಕೂತ. "ಸತ್ತವನ ಮೇಲೆ ಸುಳ್ಳು ಹೇಳಿಸ್ತೀಯಲ್ಲಪ್ಪ" ಅಂದ. "ಅವನು ಆ ಡಬ್ಬಿ ನನಗೂ ಒಂದು ತುತ್ತು ಕೊಡ್ತಿರ್ಲಿಲ್ಲ. ತೂಕ ತಪ್ಪುತ್ತೆ ಅಂತಿದ್ದ."

"ಬದುಕಿರೋಳಿಗಾಗಿ ಹೇಳಿ" ಎಂದೆ.

ಮುಂದಿನ ಭಾನುವಾರ ಮಧ್ಯಾಹ್ನ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತ ಹೇಳಿದ: "ಅತ್ತಿಗೆ, ಒಂದು ವಿಷಯ ಬಹಳ ದಿನದಿಂದ ಮನಸ್ಸಲ್ಲೇ ಇತ್ತು. ಅವನು ನೀವು ಕೊಟ್ಟಿದ್ದನ್ನ ತಿಂತಿರ್ಲಿಲ್ಲ. ಡಿಪೋ ಹಿಂದೆ ನಾಯಿಗಳಿದ್ವು, ಅವಕ್ಕೆ ಹಾಕ್ತಿದ್ದ. ಆಮೇಲೆ ಕ್ಯಾಂಟೀನ್‌ನಲ್ಲಿ ಬನ್ನು ತಿಂತಿದ್ದ. ಹೇಳಬೇಡ ಅಂದಿದ್ದ."

ಅಕ್ಕ ಪೂರ್ತಿ ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ.

"ದಿನಾನಾ?" ಅಂದಳು.

"ಹೆಚ್ಚುಕಮ್ಮಿ ದಿನಾ, ಅತ್ತಿಗೆ."

"ಹೇಳಿದ್ದು ಒಳ್ಳೇದಾಯ್ತು. ಚಹಾ ಕುಡ್ಕೊಂಡು ಹೋಗಿ" ಎಂದು ಎದ್ದಳು. ಅವನು ಚಹಾವನ್ನು ಬಾಯಿ ಸುಟ್ಟುಕೊಂಡು ಕುಡಿದು ಓಡಿದ.

ಬಾಗಿಲು ಹಾಕಿ ಬಂದು ಅಕ್ಕ ನನ್ನ ಎದುರಿಗೆ ಕೂತಳು. ಅವಳಿಗೆ ಅಳು ಬರುತ್ತದೆ, ಹಗುರಾಗುತ್ತಾಳೆ ಎಂದು ನಾನು ಕಾದೆ.

"ಬನ್ನು ತಿಂದು ಯಾರಾದ್ರೂ ಹದಿನಾಲ್ಕು ಕಿಲೋ ಇಳೀತಾರೇನೋ?" ಅಂದಳು.

ನಾನು ಕಂಡಕ್ಟರನ ಖಾಲಿ ಲೋಟ ಎತ್ತಿಕೊಂಡು ಏಳಲು ಹೋದೆ.

"ವಾರ ವಾರ ಅವರನ್ನ ತೂಕಕ್ಕೆ ನಿಲ್ಲಿಸ್ದೋಳು ನಾನು. ಹೋದ ಜನ್ಮದಲ್ಲಿ ಏನೋ ಪುಣ್ಯ ಮಾಡಿದ್ದೆ ಅಂತ ಕಾಣುತ್ತೆ, ಮೂವತ್ತು ವರ್ಷದಲ್ಲಿ ನಾನು ಹೇಳಿದ್ದು ಒಂದೂ ಕೇಳದೇ ಇದ್ದೋರು ಆ ಹದಿನಾಲ್ಕು ತಿಂಗಳು ಕೇಳಿದ್ರು. ಸೊನ್ನೆ ಅನ್ನಿಸ್ಕೊಳ್ಳಕ್ಕೆ ಡಬ್ಬಿ ಕೆರೆದು ಕೆರೆದು ತರೋರು. ನಾನು ಕೊಟ್ಟಿದ್ದು ಅಮೃತವೋ ವಿಷವೋ ನನಗೆ ಗೊತ್ತಿಲ್ಲ. ಆದ್ರೆ ತಿಂದ್ರು ಅನ್ನೋದೊಂದು ಗೊತ್ತು. ಅದನ್ನೂ ನಾಯಿಗೆ ಹಾಕಿಸ್ತೀಯಾ?"

"ಅಕ್ಕ, ನೀನು ಒಣಗೋದು ನೋಡಕ್ಕಾಗ್ದೆ..."

"ಅದಲ್ಲ" ಅಂದಳು. ನನ್ನನ್ನು ಒಂಬತ್ತನೇ ವಯಸ್ಸಿನಿಂದ ಸಾಕಿದವಳು. ನನ್ನ ಮುಖ ಅವಳಿಗೆ ಓದಿದ ಪುಸ್ತಕ. "ನನ್ನ ದುಃಖಕ್ಕೆ ನೀನು ಇಷ್ಟು ಒದ್ದಾಡೋನಲ್ಲ. ನಿನಗೆ ಬೇರೆ ಏನೋ ಸುಡ್ತಾ ಇದೆ. ಏನದು?"

ಆಗ ಹೇಳಿದೆ. ನಲವತ್ತೊಂದರ ಕೊಳವೆ, ಮೂರು ಸಲ ಯಂತ್ರಕ್ಕೆ ಹಾಕಿದ್ದು, ಲಕೋಟೆ, ಮಾತ್ರೆ. ಅವಳು ಮೀನು ಬಡಿಸುತ್ತ ಆ ನಂಬರು ಹೇಳಿದ ತಕ್ಷಣ ನನಗೆ ತಿಳಿದದ್ದು. ಒಂದು ಸಲ ಪರೀಕ್ಷೆ ಮಾಡಿಸಿ ಎಂದದ್ದು, ಸೊಳ್ಳೆ ಅನ್ನಿಸಿಕೊಂಡು ನಕ್ಕು ಬಿಟ್ಟದ್ದು. ಒಬ್ಬನ ರಕ್ತದಿಂದ ಏನೂ ಹೇಳಲಾಗದು ಎಂದು ದೊಡ್ಡ ಡಾಕ್ಟರ ಮಾತನ್ನೇ ನಾನೂ ಹೇಳಿದೆ. ಅವರ ಬಾಯಲ್ಲಿ ಸತ್ಯವಾಗಿದ್ದ ಮಾತು ನನ್ನ ಬಾಯಲ್ಲಿ ನೆಪವಾಗಿತ್ತು. ಹೇಳುವಾಗ ನನಗೇ ಕೇಳಿಸಿತು.

ಅಕ್ಕ ಕೇಳಿದಳು: "ಅದು ಯಾವ ತಿಂಗಳು?"

"ಏಳನೇದು."

ಅವಳು ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಇಟ್ಟು ಎಣಿಸಿದಳು. ಎಣಿಸುವ ಅಗತ್ಯ ಇರಲಿಲ್ಲ, ಆದರೂ ಎಣಿಸಿದಳು.

"ಇನ್ನೂ ಏಳು ತಿಂಗಳು ಇತ್ತು" ಅಂದಳು.

ಬೈದಿದ್ದರೆ, ಹೊಡೆದಿದ್ದರೆ ನನಗೆ ಎಷ್ಟೋ ಮೇಲಾಗುತ್ತಿತ್ತು. ಅವಳು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಸಂಜೆಯವರೆಗೂ ಹೊರಗಿನ ಕೋಣೆಯಲ್ಲಿ ಕೂತಿದ್ದೆ. ದೀಪ ಹಾಕುವ ಹೊತ್ತಿಗೆ ಒಳಗಿನಿಂದಲೇ, "ನೀನಿನ್ನು ಮನೆಗೆ ಹೋಗು. ಇನ್ಮೇಲೆ ಭಾನುವಾರ ಬರಬೇಡ" ಎಂದಳು.

ಇದಾಗಿ ನಾಲ್ಕು ವರ್ಷವಾಯಿತು. ಕಟ್ಟಡದಲ್ಲಿ ಈಗ ಬೇರೆ ಸಂಶೋಧನೆ ನಡೆಯುತ್ತಿದೆ, ಅವಳು ಕೆಳಗೆ, ನಾನು ಮೇಲೆ. ಮೆಟ್ಟಿಲ ಹತ್ತಿರ ಎದುರಾದರೆ, ನಾಲ್ಕು ಜನರ ಮುಂದೆ, "ಊಟ ಆಯ್ತಾ?" ಎಂದು ಕೇಳುತ್ತಾಳೆ. ಆಯಿತು ಎನ್ನುತ್ತೇನೆ. ಅಷ್ಟೇ ಮಾತು. ಅವಳು ಕೆಲಸಕ್ಕೆ ಸೇರಿದ ಹೊಸಬರಿಗೆ ತಟ್ಟೆ ತೂಗುವುದನ್ನು ಕಲಿಸುತ್ತಾಳಂತೆ. ಕಲಿಸುವ ಮೊದಲು, ಮನೆಯಲ್ಲಿ ಯಾರಿಗಾದರೂ ರಕ್ತ ಪರೀಕ್ಷೆ ಮಾಡಿಸುವುದು ಬಾಕಿ ಇದ್ದರೆ ಇವತ್ತೇ ಹೋಗಿ ಮಾಡಿಸಿ, ತೂಗುವುದನ್ನು ನಾಳೆ ಕಲಿಯಬಹುದು ಎಂದು ಕಳಿಸುತ್ತಾಳಂತೆ. ಇದನ್ನೂ ನನಗೆ ಬೇರೆಯವರೇ ಹೇಳಿದ್ದು.